ಹುಲಿಗಳ ಊರಲ್ಲಿ ಒಂದು ಸೆಪ್ಟೆಂಬರ್ ವಾರ

ಸೋಮವಾರ, ಸೆಪ್ಟೆಂಬರ್ 11, 2023

ಜಪಾನಿನ ಬೇಸ್‌ಬಾಲ್‌ಗೆ ಸೋಮವಾರ ಸಾಮಾನ್ಯವಾಗಿ ರಜಾ. ನಾನು ಬಂದಿಳಿದದ್ದೂ ಅವತ್ತೇ. ಕನ್ಸಾಯ್ ವಿಮಾನ ನಿಲ್ದಾಣದಿಂದ ಬಸ್ಸು ಹತ್ತಿ ನಿಶಿನೊಮಿಯಾಕ್ಕೆ ಬರುವಷ್ಟರಲ್ಲಿ ಕಣ್ಣು ಎಳೀತಿತ್ತು. ಅದರ ಬಗ್ಗೆ ಹೇಳೋಕೆ ಬೇರೇನಿಲ್ಲ.

ತಮ್ಮ ಕೆಲಸ ಮಾಡೋದು ಕೋಬೆಯಲ್ಲಿ, ಮನೆ ಮಾಡಿರೋದು ನಿಶಿನೊಮಿಯಾದಲ್ಲಿ. ಒಸಾಕಾಕ್ಕೂ ಕೋಬೆಗೂ ನಡುವೆ ಇರುವ ಊರು. ಮನೆಯಿಂದ ಕೋಶಿಯೆನ್ ಬೇಸ್‌ಬಾಲ್ ಕ್ರೀಡಾಂಗಣಕ್ಕೆ ನಡೆದೇ ಹೋಗಬಹುದು. ಮನೆ ಹುಡುಕುವಾಗ ಅದೇ ಮುಖ್ಯ ಆಗಿತ್ತೋ ಏನೋ. ಮೈಸೂರಲ್ಲಿದ್ದಾಗ ಇವನಿಗೆ ಕ್ರಿಕೆಟ್ ಬಿಟ್ಟರೆ ಬೇರೆ ಆಟ ಗೊತ್ತಿರಲಿಲ್ಲ. ಈಗ ಬಾಗಿಲ ಹಿಂದೆ ಹಳದಿ ಕಪ್ಪು ಪಟ್ಟೆಯ ಜರ್ಸಿ ನೇತಾಡ್ತಿದೆ. ನಾನು ಹೊರಡೋ ಮುಂಚೆ ಫೋನಲ್ಲಿ ಒಂದೇ ಒಂದು ಸೂಚನೆ ಕೊಟ್ಟಿದ್ದ: "ಅಕ್ಕಾ, ಕಿತ್ತಳೆ ಬಣ್ಣದ ಬಟ್ಟೆ ಒಂದೂ ತರ್ಬೇಡ." ಕಿತ್ತಳೆ ಅಂದ್ರೆ ಟೋಕಿಯೊದ ಬೇಸ್‌ಬಾಲ್ ತಂಡ ಯೋಮಿಯುರಿ ಜೈಂಟ್ಸ್. ಈ ವಾರ ಮೂರು ಸಂಜೆಯೂ ಎದುರಾಳಿ ಅವರೇ.

ನಮ್ಮ ತಂಡದ ಹೆಸರು ಹನ್ಶಿನ್ ಟೈಗರ್ಸ್. ಬಂದ ದಿನವೇ "ನಮ್ಮ" ಅಂತ ಹೇಳ್ತಿದ್ದೀನಿ, ಇರಲಿ. ಹನ್ಶಿನ್ ಅನ್ನೋದು ಈ ಎರಡು ಊರುಗಳ ನಡುವೆ ಓಡುವ ಖಾಸಗಿ ರೈಲು ಕಂಪನಿ. ಇಲ್ಲಿ ಹರೀತಿದ್ದ ಎದಾ ಅನ್ನೋ ಹೊಳೆಯನ್ನು ಮುಚ್ಚಿದಾಗ ಆ ಪಾತ್ರದ ಜಾಗವನ್ನು ಕಂಪನಿ ಕೊಂಡುಕೊಂಡಿತು. 1924ರ ಆಗಸ್ಟ್ 1ಕ್ಕೆ ಅಲ್ಲಿ ಕ್ರೀಡಾಂಗಣ ತೆರೆದಿತ್ತು. 1935ರಲ್ಲಿ ತಂಡವನ್ನೂ ಕಟ್ಟಿದರು. ರೈಲು ಹತ್ತೋಕೆ ಜನ ಬೇಕು, ಜನಕ್ಕೆ ಹೋಗೋಕೆ ಒಂದು ಜಾಗ ಬೇಕು. ಆ ಲೆಕ್ಕ ಈಗಲೂ ತಪ್ಪಿಲ್ಲ. ಪಂದ್ಯ ಇದ್ದ ದಿನ ಇಲ್ಲಿ ಹೆಚ್ಚುವರಿ ರೈಲು ಓಡುತ್ತವೆ.

ಈ ವಾರ ಯಾಕೆ ಬಂದೆ ಅಂದ್ರೆ, ಟೈಗರ್ಸ್ ಲೀಗ್ ಗೆಲ್ಲೋ ಹತ್ತಿರ ಇದ್ದರು. ಜಪಾನಿನಲ್ಲಿ ಸೆಂಟ್ರಲ್, ಪೆಸಿಫಿಕ್ ಅಂತ ಎರಡು ಲೀಗು, ಒಂದೊಂದರಲ್ಲಿ ಆರಾರು ತಂಡ. ಟೈಗರ್ಸ್ ಅದಕ್ಕೆ ಮುಂಚೆ ಕೊನೆಯ ಸಲ ಸೆಂಟ್ರಲ್ ಲೀಗ್ ಗೆದ್ದದ್ದು 2005ರಲ್ಲಿ. ಎರಡೂ ಲೀಗಿನ ಮೇಲುಗೈ ತಂಡಗಳು ಆಡುವ ಜಪಾನ್ ಸೀರೀಸ್ ಅಲ್ಲಿಯವರೆಗೆ ಗೆದ್ದದ್ದು ಒಂದೇ ಸಲ, 1985ರಲ್ಲಿ. ಇಷ್ಟಾದರೂ ಈ ಜನ ಪ್ರತಿ ವರ್ಷ ಕ್ರೀಡಾಂಗಣ ತುಂಬಿಸುತ್ತಾರೆ. ಬೆಂಗಳೂರಿನ ಕಡೆಯವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಒಂದು ವ್ಯತ್ಯಾಸ ಮಾತ್ರ ಇದೆ. ನಾವು ಪ್ರತಿ ವರ್ಷ "ಈ ಸಲ ಕಪ್ ನಮ್ದೇ" ಅಂತ ಮೊದಲ ಪಂದ್ಯಕ್ಕೇ ಕೂಗಿಬಿಡ್ತೀವಿ. ಇವರು ಹೆಸರೇ ಎತ್ತುತ್ತಿರಲಿಲ್ಲ. ಆಗಿನ ಕೋಚ್ ಒಕಾಡಾ ಅಕಿನೊಬು, ಆಗ 65ರ ಮನುಷ್ಯ. 1985ರಲ್ಲಿ ಆಟಗಾರ, 2005ರಲ್ಲೂ ಇವರೇ ಕೋಚ್. ಗೆಲುವಿನ ಮಾತು ಬಂದಾಗಲೆಲ್ಲ ಅವರು ಬರೀ "ಅದು" ಅಂತಿದ್ದರು. ಬಾಯ್ಬಿಟ್ಟು ಹೇಳಿದರೆ ಆಟಗಾರರ ತಲೆಯಲ್ಲಿ ಅದೇ ಕೂತುಬಿಡುತ್ತೆ ಅಂತ. ಆ ವರ್ಷ ತಂಡದ ಘೋಷಣೆಯೂ ಅದೇ. ಅಂಗಡಿ ಅಂಗಡಿಯಲ್ಲಿ "ಅದು" ಅಂತ ಬರೆದ ಪೋಸ್ಟರ್ ಅಂಟಿಸಿದ್ದರು.

ಮಂಗಳವಾರ

ಬೆಳಿಗ್ಗೆ ಕ್ರೀಡಾಂಗಣದ ಮಗ್ಗುಲಲ್ಲೇ ಇರುವ ಸುಸಾನೊ ದೇವಸ್ಥಾನಕ್ಕೆ ಹೋದೆವು. ಚಿಕ್ಕದು, ಗೋಡೆಗೆ ಗೋಡೆ ತಾಗಿದ ಹಾಗೆ ಇದೆ. ಒಳಗೆ ಬೇಸ್‌ಬಾಲ್ ಚೆಂಡಿನ ಆಕಾರದ ಕಲ್ಲು. ಹರಕೆಯ ಮರದ ಹಲಗೆಗಳ ಮೇಲೆ ಜನ ಬರೆದಿರೋದೆಲ್ಲ ತಂಡದ ವಿಷಯವೇ. ತಮ್ಮ ಒಂದೆರಡನ್ನು ಓದಿ ಹೇಳಿದ. ಒಬ್ಬರು ಚೆಂಡು ಎಸೆಯುವ ಪಿಚರ್ ಒಬ್ಬನ ಮೊಣಕೈ ಬೇಗ ವಾಸಿಯಾಗಲಿ ಅಂತ ಬೇಡಿಕೊಂಡಿದ್ದರು. ಅದರ ಕೆಳಗೇ ಮಗಳ ಪರೀಕ್ಷೆ.

ಆಮೇಲೆ ಕ್ರೀಡಾಂಗಣದ ಮ್ಯೂಸಿಯಂ. ಟೈಗರ್ಸ್‌ಗಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಹೈಸ್ಕೂಲ್ ಹುಡುಗರ ಕಥೆ. ಜಪಾನ್ ಪೂರ್ತಿ ಕೋಶಿಯೆನ್ ಅಂದ್ರೆ ಮೊದಲು ನೆನಪಾಗೋದು ಆಗಸ್ಟ್ ತಿಂಗಳ ಹೈಸ್ಕೂಲ್ ಟೂರ್ನಮೆಂಟು. ಕ್ರೀಡಾಂಗಣ ಕಟ್ಟಿದ್ದೇ ಅದಕ್ಕಾಗಿ. ಇಲ್ಲಿನ ಇನ್‌ಫೀಲ್ಡಿಗೆ, ಅಂದ್ರೆ ಬೇಸ್‌ಗಳಿರುವ ಒಳಮೈದಾನಕ್ಕೆ, ಹುಲ್ಲಿಲ್ಲ, ಪೂರಾ ಮಣ್ಣು. ಸೋತ ಹುಡುಗರು ಅಳ್ತಾ ಆ ಮಣ್ಣನ್ನು ಬಾಚಿ ಶೂ ಚೀಲದಲ್ಲಿ ತುಂಬಿಕೊಂಡು ಊರಿಗೆ ಹೋಗುತ್ತಾರೆ. 1958ರಲ್ಲಿ ಒಕಿನಾವಾದ ಶೂರಿ ಹೈಸ್ಕೂಲಿನವರು ಮೊದಲ ಸಲ ಬಂದು ಸೋತರು. ಅವರೂ ಮಣ್ಣು ತಗೊಂಡರು. ಆಗ ಒಕಿನಾವಾ ಅಮೆರಿಕದ ಆಡಳಿತದಲ್ಲಿತ್ತು. ಹಡಗು ಊರು ಮುಟ್ಟಿದಾಗ ಅಧಿಕಾರಿಗಳು ಅದನ್ನು ವಿದೇಶಿ ಮಣ್ಣು ಅಂದರು, ಸಸ್ಯರೋಗದ ನಿಯಮ ತೋರಿಸಿದರು. ಮಣ್ಣೆಲ್ಲ ಸಮುದ್ರದ ಪಾಲಾಯಿತು. ಇಷ್ಟು ಕೇಳಿ ನನಗೆ ಸಿಟ್ಟು ಬಂತು. ಅರವತ್ತು ಚಿಲ್ಲರೆ ವರ್ಷದ ಹಿಂದಿನ ಮಣ್ಣಿಗೆ ಸಿಟ್ಟಾಗೋದು ಅಂದ್ರೆ ನೋಡಿ.

ಸಂಜೆ ಆ ಮಣ್ಣನ್ನೇ ನೋಡಿದೆ. ಗದಗದ ಕಡೆಯ ಎರೆಮಣ್ಣಿನ ಹಾಗೆ ಕಪ್ಪು. ಕಪ್ಪು ಮಣ್ಣಿಗೆ ಮರಳು ಸೇರಿಸಿ ಹದ ಮಾಡುತ್ತಾರಂತೆ. ವಸಂತದಲ್ಲಿ ಮಳೆ ಇರುತ್ತೆ, ನೀರು ಬೇಗ ಇಳಿಯಲಿ ಅಂತ ಮರಳು ಜಾಸ್ತಿ. ಬೇಸಿಗೆಯಲ್ಲಿ ಬಿಳಿ ಚೆಂಡು ಎದ್ದು ಕಾಣಲಿ ಅಂತ ಕಪ್ಪು ಮಣ್ಣು ಜಾಸ್ತಿ. ಇನ್ನಿಂಗ್ಸ್‌ಗಳ (ಇಲ್ಲಿ ಪಂದ್ಯಕ್ಕೆ ಒಂಬತ್ತು) ನಡುವೆ ಮೈದಾನದ ಕೆಲಸದವರು ಓಡಿ ಬಂದು ಮಣ್ಣು ಸಮ ಮಾಡಿ ಹೋಗ್ತಾರೆ. ಅವರ ಕೈಚಳಕಕ್ಕೂ ಅಭಿಮಾನಿಗಳಿದ್ದಾರೆ. ಮಳೆ ನಿಂತ ಮೇಲೆ ಕೆರೆಯಂತಾದ ಮೈದಾನವನ್ನು ಅವರು ಒಣಗಿಸೋ ವಿಡಿಯೊ ತಮ್ಮನ ಫೋನಲ್ಲೇ ಇತ್ತು.

ನಮ್ಮ ಜಾಗ ಬಲಗಡೆಯ ಔಟ್‌ಫೀಲ್ಡ್ ಸ್ಟ್ಯಾಂಡಲ್ಲಿ. ಕೋಶಿಯೆನ್‌ನಲ್ಲಿ ಸುಮಾರು 47 ಸಾವಿರ ಜನ ಹಿಡೀತಾರೆ. ಎಡಗಡೆಯ ಒಂದು ಮೂಲೆಯಲ್ಲಿ ಜೈಂಟ್ಸ್ ಕಡೆಯವರು. ಉಳಿದದ್ದೆಲ್ಲ ಹಳದಿ. ಬಲಗಡೆಯ ಸ್ಟ್ಯಾಂಡಿಗೆ ಬಂದವರು ಪಂದ್ಯ ನೋಡೋಕೆ ಬಂದವರಲ್ಲ, ಕೆಲಸಕ್ಕೆ ಬಂದವರು. ಟೈಗರ್ಸ್ ಬ್ಯಾಟಿಂಗ್ ಶುರುವಾದ ಕೂಡಲೇ ಎಲ್ಲರೂ ಎದ್ದು ನಿಲ್ಲುತ್ತಾರೆ. ಟ್ರಂಪೆಟ್, ದೊಡ್ಡ ಡ್ರಮ್ಮು. ಕೈಯಲ್ಲಿ ಜೋಡಿ ಪ್ಲಾಸ್ಟಿಕ್ ಕೋಲು, ಮೆಗಾಫೋನಿನ ಆಕಾರದ್ದು, ಒಂದಕ್ಕೊಂದು ಬಡಿಯೋಕೆ. ಒಬ್ಬೊಬ್ಬ ಬ್ಯಾಟರ್‌ಗೂ ಬೇರೆ ಬೇರೆ ಹಾಡು. ನನ್ನ ಪಕ್ಕದ ಅಜ್ಜಿಗೆ ಎಲ್ಲ ಹಾಡೂ ಬಾಯಿಪಾಠ. ಬ್ಯಾಟರ್ ಔಟಾದ ಕೂಡಲೇ ಹಾಡು ಅರ್ಧಕ್ಕೇ ನಿಲ್ಲುತ್ತೆ, ಮುಂದಿನವನ ಹಾಡು ಶುರು. ಮೂರು ಔಟಾದ ಮೇಲೆ ಎಲ್ಲರೂ ಧೊಪ್ಪಂತ ಕೂತು ಊಟದ ಡಬ್ಬಿ ತೆಗೀತಾರೆ. ಜೈಂಟ್ಸ್ ಬ್ಯಾಟಿಂಗ್ ಮಾಡುವಾಗ ನಮ್ಮ ಕಡೆ ಮಾತು, ಊಟ, ಟಾಯ್ಲೆಟ್ಟು. ದೂರದ ಮೂಲೆಯಿಂದ ಅವರ ಟ್ರಂಪೆಟ್ ಕೇಳುತ್ತೆ. ಒಬ್ಬರ ಸರದಿಯಲ್ಲಿ ಇನ್ನೊಬ್ಬರು ಗಲಾಟೆ ಮಾಡಲ್ಲ.

ಬೇಸ್‌ಬಾಲ್ ನನಗೆ ಅರ್ಧ ಬೋರು, ಸುಳ್ಳು ಹೇಳಲ್ಲ. ಚೆಂಡು ಎಸೆಯೋದು, ಬ್ಯಾಟು ಬೀಸೋದು, ತಪ್ಪೋದು, ಮತ್ತೆ ಎಸೆಯೋದು. ಕ್ರಿಕೆಟ್ ಕಣ್ಣಿಗೆ ಇದು ಡಾಟ್ ಬಾಲ್‌ಗಳ ಮೆರವಣಿಗೆ. ಆದರೆ ಕೈಯಲ್ಲಿ ಕೋಲು ಹಿಡಿದು ಆ ಹಾಡುಗಳ ಮಧ್ಯೆ ನಿಂತಾಗ ಹೊತ್ತು ಹೋದದ್ದು ಗೊತ್ತಾಗಲಿಲ್ಲ. ಅಜ್ಜಿ ನನ್ನ ಕೋಲಿನ ತಾಳ ತಪ್ಪಿದಾಗೆಲ್ಲ ತಿರುಗಿ ನೋಡ್ತಿದ್ದರು. ಏನೂ ಹೇಳಲಿಲ್ಲ, ತಮ್ಮ ಕೋಲನ್ನು ಸ್ವಲ್ಪ ಎತ್ತರಕ್ಕೆ ಹಿಡಿದು ತೋರಿಸಿದರು.

ಟೈಗರ್ಸ್ ಗೆದ್ದರು. ತಂಡದ ಹಾಡು ಹಾಡಿದ ಮೇಲೆ ಅಜ್ಜಿ ತಮ್ಮ ಕೋಲನ್ನು ನನ್ನ ಕೋಲಿಗೆ ತಟ್ಟಿದರು. ಹಿಂದಿನವರು, ಮುಂದಿನವರು, ಗುರುತು ಪರಿಚಯ ಇಲ್ಲದವರೆಲ್ಲ ತಟ್ಟಿದರು. ಹೊರಡುವಾಗ ಪ್ರತಿಯೊಬ್ಬರ ಕೈಯಲ್ಲೂ ಅವರವರ ಕಸದ ಚೀಲ.

ಬುಧವಾರ

ಇವತ್ತಿನ ಜಾಗ ಆಲ್ಪ್ಸ್ ಸ್ಟ್ಯಾಂಡು. ಇನ್‌ಫೀಲ್ಡಿಗೂ ಔಟ್‌ಫೀಲ್ಡಿಗೂ ನಡುವೆ ಕಡಿದಾಗಿ ಮೇಲೇರಿದ ಭಾಗ. 1929ರಲ್ಲಿ ಕಟ್ಟಿದ್ದು. ಬಿಳಿ ಅಂಗಿಯ ಜನ ತುಂಬಿದಾಗ ಹಿಮದ ಬೆಟ್ಟ ಕಂಡ ಹಾಗಾಗಿ ಆ ಹೆಸರು ಬಂತಂತೆ. ಇಲ್ಲಿ ಕೂಗಾಟ ಸ್ವಲ್ಪ ಕಮ್ಮಿ. ಹಾಗಾಗಿ ಆಟ ಕಣ್ಣಿಗೆ ಬಿತ್ತು.

ಮುಖ್ಯವಾಗಿ ಗಾಳಿ. ಇಲ್ಲಿ ಸಮುದ್ರ ಹತ್ತಿರ. ಬಲ ಔಟ್‌ಫೀಲ್ಡಿಂದ ಎಡಕ್ಕೆ ಗಾಳಿ ಬೀಸುತ್ತಿರುತ್ತೆ, ಧ್ವಜ ನೋಡಿದರೇ ಗೊತ್ತಾಗುತ್ತೆ. ಎಡಗೈ ಬ್ಯಾಟರ್ ಬಲಕ್ಕೆ ಎತ್ತಿ ಹೊಡೆದರೆ ಚೆಂಡು ಗಾಳಿಗೆ ಸಿಕ್ಕಿ ಒಳಗೇ ಬೀಳುತ್ತೆ. ಟೈಗರ್ಸ್‌ನ ಸಾತೊ ತೆರುಆಕಿ ಎಡಗೈ ಹೊಡೆತಗಾರ, ಅದೂ ಇದೇ ನಿಶಿನೊಮಿಯಾದ ಹುಡುಗ. ಊರಿನ ಗಾಳಿಯೇ ಊರ ಹುಡುಗನಿಗೆ ಅಡ್ಡ. ತಮ್ಮ ಇದನ್ನ ಹೇಳುವಾಗ ತನಗೇ ಯಾರೋ ಅನ್ಯಾಯ ಮಾಡಿದ ಹಾಗೆ ಮುಖ ಮಾಡಿಕೊಂಡ.

ಊಟದ ವಿಷಯಕ್ಕೆ ಬರ್ತೀನಿ. ಕೋಶಿಯೆನ್ ಕರಿ ಅಂತ ಇದೆ, ಕ್ರೀಡಾಂಗಣ ತೆರೆದ ವರ್ಷದಿಂದ ಮಾರುತ್ತಿರುವ ಅನ್ನ, ಸಾರು. ಮಾಂಸ ಇರುತ್ತೆ, ನನಗಾಗಲ್ಲ. ಸಸ್ಯಾಹಾರಿಗಳು ಹೊರಗಿನ ಅಂಗಡಿಯಿಂದಲೇ ಉಪ್ಪಿನಕಾಯಿ ಪ್ಲಮ್ ಇಟ್ಟ ಅನ್ನದ ಉಂಡೆ ಕಟ್ಟಿಸಿಕೊಂಡು ಹೋಗಿ. ಕ್ಯಾನು, ಗಾಜಿನ ಬಾಟಲಿ ಮಾತ್ರ ಒಳಗೆ ಬಿಡಲ್ಲ. ಒಳಗೆ ನನಗೆ ಸಿಕ್ಕಿದ್ದು ಬೇಯಿಸಿದ ಸೋಯಾ ಕಾಯಿ, ಆಲೂ ಚಿಪ್ಸು, ಆಮೇಲೆ ಕಚಿವಾರಿ. ಕಚಿವಾರಿ ಅಂದ್ರೆ ಪ್ಲಾಸ್ಟಿಕ್ ಚೀಲದಲ್ಲಿ ಒಡೆದ ಐಸು, ಒಂದು ಸ್ಟ್ರಾ. ಅಷ್ಟೇ. ಬರೀ ಐಸಿಗೆ ದುಡ್ಡು ಕೊಡೋದಾ ಅಂದುಕೊಂಡೆ. ಸೆಪ್ಟೆಂಬರ್ ಸೆಕೆಯಲ್ಲಿ ಮೊದಲು ಕುತ್ತಿಗೆಗೆ ಒತ್ತಿಕೊಂಡು, ಕರಗಿದ ಮೇಲೆ ಕುಡಿಯಬಹುದು ಅಂತ ಮುಂದಿನ ಸಾಲಿನವರನ್ನು ನೋಡಿ ತಿಳೀತು. ಇನ್ನೊಂದು ತರಿಸಿಕೊಂಡೆ.

ಬಿಯರ್ ಮಾರುವ ಹುಡುಗಿಯರನ್ನು ನೋಡ್ತಾ ಎರಡು ಇನ್ನಿಂಗ್ಸ್ ಕಳೆದುಬಿಟ್ಟೆ. ಬೆನ್ನ ಮೇಲೆ ಬಿಯರ್ ತುಂಬಿದ ಪೀಪಾಯಿ, ಸೊಂಟದ ಹತ್ತಿರ ಕೊಳವೆ, ಟೋಪಿಗೆ ಸಿಕ್ಕಿಸಿದ ಹೂವು. ಹದಿನೈದು ಕೆಜಿ ಆಗುತ್ತಂತೆ. ಅದನ್ನು ಹೊತ್ತು ಈ ಕಡಿದಾದ ಮೆಟ್ಟಿಲು ಹತ್ತಿ ಇಳೀತಾರೆ. ಯಾರಾದರೂ ಕೈ ಎತ್ತಿದರೆ ಹಿಂದಿನವರಿಗೆ ಅಡ್ಡ ಆಗಬಾರದು ಅಂತ ಮೆಟ್ಟಿಲ ಮೇಲೇ ಮಂಡಿಯೂರಿ ಲೋಟ ತುಂಬಿಸುತ್ತಾರೆ. ಲೋಟ ಓರೆ ಮಾಡಿ, ಕೊನೆಗೆ ನೆಟ್ಟಗೆ ಹಿಡಿದು, ನೊರೆ ಬೆರಳಗಲ ನಿಲ್ಲಿಸಿ ಕೊಡೋದು. ಒಬ್ಬಳ ಮಂಡಿಗೆ ಪ್ಯಾಡ್ ಇತ್ತು. ಎದ್ದು ನಿಲ್ಲುವಾಗ ಪ್ರತಿ ಸಲ ತುಟಿ ಕಚ್ಚಿ ಏಳ್ತಿದ್ದಳು, ಎದ್ದ ಕೂಡಲೇ ಮತ್ತೆ ನಗು. ಅವತ್ತು ಮೈದಾನದಲ್ಲಿ ಯಾರೂ ಅಷ್ಟು ಬೆವರು ಸುರಿಸಿರಲಿಕ್ಕಿಲ್ಲ.

ಫೌಲ್ ಬಾಲ್, ಅಂದ್ರೆ ಗೆರೆಯಾಚೆ ಹೋದ ಚೆಂಡು, ಸ್ಟ್ಯಾಂಡಿನ ಕಡೆ ಬಂದರೆ ಅಲ್ಲಿನ ಸಿಬ್ಬಂದಿ ಪೀಪಿ ಊದುತ್ತಾರೆ, ಎಚ್ಚರ ಅಂತ. ಬಿದ್ದ ಮೇಲೆ ಓಡಿ ಬಂದು ಪೆಟ್ಟಾಯ್ತಾ ಅಂತ ಕೇಳಿ ಹೋಗುತ್ತಾರೆ.

ಟೈಗರ್ಸ್ ಮತ್ತೆ ಗೆದ್ದರು. ಮ್ಯಾಜಿಕ್ ನಂಬರ್ ಒಂದಕ್ಕೆ ಇಳೀತು. ಅಂದ್ರೆ ನಾಳೆ ಗೆದ್ದರೆ ಲೀಗ್ ಇವರದ್ದೇ, ಬೇರೆಯವರ ಫಲಿತಾಂಶ ನೋಡೋ ಹಾಗೇ ಇಲ್ಲ. ನಾಳೆಗೆ ನಮ್ಮ ಹತ್ತಿರ ಟಿಕೆಟ್ ಇರಲಿಲ್ಲ.

ಗುರುವಾರ

ಟಿಕೆಟ್ ಸಿಗಲಿಲ್ಲ. ಆನ್‌ಲೈನಲ್ಲಿ ಮರುಮಾರಾಟಕ್ಕೆ ಇಟ್ಟವರು ಕೇಳಿದ ರೇಟಿಗೆ ನಾನು ಬೆಂಗಳೂರಿಂದ ಇನ್ನೊಂದು ಸಲ ಬಂದು ಹೋಗಬಹುದಿತ್ತು. ತಮ್ಮ ಮಧ್ಯಾಹ್ನವೇ ಆಫೀಸಿಂದ ಬಂದ. "ಒಳಗೆ ಹೋಗೋಕಾಗ್ದಿದ್ರೆ ಏನಂತೆ, ಗೋಡೆ ಪಕ್ಕ ನಿಲ್ಲೋಣ ಬಾ ಅಕ್ಕಾ" ಅಂದ.

ಗೋಡೆ ಪಕ್ಕ ನಿಲ್ಲೋರು ನಾವಿಬ್ಬರೇ ಅಂದುಕೊಂಡಿದ್ದೆ. ಹೋಗಿ ನೋಡಿದರೆ ಸ್ಟೇಷನ್ನಿನಿಂದ ಕ್ರೀಡಾಂಗಣದವರೆಗೂ ಹಳದಿ ಜನ. ಹೆಗಲ ಮೇಲೆ ಮಗು ಕೂರಿಸಿಕೊಂಡವರು, ಆಫೀಸ್ ಬ್ಯಾಗಿನ ಮೇಲೇ ಜರ್ಸಿ ತೊಟ್ಟವರು, ಮಡಚುವ ಕುರ್ಚಿ ತಂದ ಮುದುಕರು. ಹೊರಗೋಡೆಗೆ ಹಬ್ಬಿದ ಬಳ್ಳಿ ಕೋಶಿಯೆನ್‌ನ ಗುರುತು. ಕ್ರೀಡಾಂಗಣ ರಿಪೇರಿ ಮಾಡುವಾಗ ಹಳೇ ಬಳ್ಳಿ ಕಡಿಯಬೇಕಾಯ್ತು. ಅದಕ್ಕೂ ಮುಂಚೆ ಅದೇ ಬಳ್ಳಿಯ ಸಸಿಗಳನ್ನು ದೇಶದ ಹೈಸ್ಕೂಲುಗಳಿಗೆ ಹಂಚಿದ್ದರು. ಅಲ್ಲಿ ಬೆಳೆದವನ್ನು ವಾಪಸ್ ತಂದು ಇಲ್ಲಿ ನೆಟ್ಟಿದ್ದಾರೆ. ಆ ಬಳ್ಳಿಯ ಪಕ್ಕ ನಿಂತು ಎಲ್ಲರೂ ಫೋನ್ ತೆಗೆದರು.

ಆಗ ಒಂದು ತಮಾಷೆ ಆಯ್ತು. ಫೋನಿನಲ್ಲಿ ಬರುವ ಪಂದ್ಯ ಕೆಲವು ಸೆಕೆಂಡು ತಡ. ಗೋಡೆಯ ಆ ಕಡೆಯ ಕೂಗು ಮಾತ್ರ ಆಗಿಂದಾಗಲೇ. ಹಾಗಾಗಿ ಮೊದಲು ಕೂಗು ಬರುತ್ತೆ, ಆಮೇಲೆ ಯಾಕೆ ಕೂಗಿದರು ಅಂತ ಪರದೆಯಲ್ಲಿ ಗೊತ್ತಾಗುತ್ತೆ. ಕೂಗಿನಲ್ಲೇ ಅಂದಾಜು ಮಾಡೋದನ್ನ ಜನ ಬೇಗ ಕಲಿತರು. ಉದ್ದದ "ಓಓ" ಅಂದ್ರೆ ಚೆಂಡು ಮೇಲೆ ಹೋಗಿದೆ. ಅದು ನಿಟ್ಟುಸಿರಾಗಿ ಮುರಿದರೆ ಕ್ಯಾಚು.

ಐದು ಇನ್ನಿಂಗ್ಸ್ ಹಾಗೇ ಹೋಯ್ತು, ರನ್ನೇ ಇಲ್ಲ. ಆರನೆಯದರಲ್ಲಿ ಒಯಾಮಾ ಯೂಸುಕೆ ಎತ್ತಿ ಹೊಡೆದ. ಕ್ಯಾಚಾಯ್ತು, ಆದರೆ ಮೂರನೇ ಬೇಸಲ್ಲಿದ್ದವನು ಓಡಿ ಬಂದ. ಒಂದು ರನ್. ಎಲ್ಲರೂ ಇನ್ನೂ ಕುಣೀತಿರುವಾಗಲೇ ಒಳಗಿಂದ ಇನ್ನೊಂದು ಕೂಗು ಬಂತು. ಇದು ನಿಲ್ಲಲೇ ಇಲ್ಲ, ಏರುತ್ತಲೇ ಹೋಯ್ತು. ಕಾಲ ಕೆಳಗಿನ ನೆಲ ಅದುರಿತು ಅಂತ ಬರೆದರೆ ಜಾಸ್ತಿ ಆಗುತ್ತೆ. ಆದರೆ ಪಕ್ಕದ ಕಬ್ಬಿಣದ ಬೇಲಿ ಅದುರಿದ್ದು ನನ್ನ ಕೈಗೆ ಗೊತ್ತಾಯ್ತು. ತಮ್ಮ ನನ್ನ ತೋಳು ಹಿಡಿದು "ಸಾತೊ! ಸಾತೊನೇ!" ಅಂತ ಅರಚಿದ. ಪರದೆಯಲ್ಲಿ ಸಾತೊ ಇನ್ನೂ ಬ್ಯಾಟು ಹಿಡಿದು ನಿಂತಿದ್ದ. ಆಮೇಲೆ ಹೊಡೆದ. ಚೆಂಡು ಬೇಲಿ ದಾಟಿ ಸ್ಟ್ಯಾಂಡಿಗೆ, ಎರಡು ರನ್ನಿನ ಹೋಮ್ ರನ್.

ಜೈಂಟ್ಸ್ ಸುಮ್ನೆ ಬಿಡಲಿಲ್ಲ. ಒಂದೊಂದೇ ರನ್ ತಂದರು. ನಡುವೆ ಟೈಗರ್ಸೂ ಇನ್ನೊಂದು ಸೇರಿಸಿದರು. ಒಂಬತ್ತನೇ ಇನ್ನಿಂಗ್ಸ್‌ಗೆ ಇವಾಜಾಕಿ ಸುಗುರು ಚೆಂಡು ಎಸೆಯೋಕೆ ಬಂದ. ಅವನು ಮೈದಾನಕ್ಕೆ ಬರುವಾಗ ಹಾಕುವ ಹಾಡು ಅವತ್ತು ಬೇರೆ ಇತ್ತು. ಯೊಕೊತಾ ಶಿಂತಾರೊ ಅಂತ ಇದೇ ತಂಡದ ಆಟಗಾರ ಇದ್ದ. ಇವಾಜಾಕಿಯೂ ಅವನೂ ಒಂದೇ ವರ್ಷ ತಂಡಕ್ಕೆ ಆಯ್ಕೆಯಾದವರು. ಯೊಕೊತಾ ಮಿದುಳಿನ ಗೆಡ್ಡೆಯಿಂದ ಆಟ ಬಿಟ್ಟ, ಆ ವರ್ಷ ಜುಲೈಯಲ್ಲಿ 28ಕ್ಕೇ ತೀರಿಕೊಂಡ. ಅವತ್ತು ಹಾಕಿದ್ದು ಅವನ ಹಾಡು. ಗೋಡೆಯ ಹೊರಗೆ ನಿಂತವರೂ ಒಳಗಿನವರ ಜೊತೆ ಹಾಡಿದರು. ಹಿಂದೆ ಯಾರೋ ಗಂಡಸು ಜೋರಾಗಿ ಅಳ್ತಿದ್ದ. ತಿರುಗಿ ನೋಡೋದು ಸರಿಯಲ್ಲ ಅನ್ನಿಸಿತು.

ಅಷ್ಟರಲ್ಲಿ ಜೈಂಟ್ಸ್ ಇನ್ನೊಂದು ಹೋಮ್ ರನ್ ಬಾರಿಸಿದರು, 4–3. ಕೊನೆಯ ಚೆಂಡು ಮೇಲೆ ಎದ್ದದ್ದು ಕೂಗಿನಲ್ಲಿ ಗೊತ್ತಾಯ್ತು. ಎರಡನೇ ಬೇಸಿನ ನಕಾನೊ ಹಿಡಿದದ್ದೂ ಗೊತ್ತಾಯ್ತು. ಪರದೆ ಯಾರಿಗೆ ಬೇಕಿತ್ತು? ಆಟಗಾರರು ಒಕಾಡಾರನ್ನು ಎತ್ತಿ ಗಾಳಿಗೆ ಹಾರಿಸಿದ್ದು, ಇವಾಜಾಕಿಯನ್ನು ಯೊಕೊತಾನ 24ನೇ ನಂಬರಿನ ಜರ್ಸಿ ಸಮೇತ ಹಾರಿಸಿದ್ದು ಆಮೇಲೆ ನೋಡಿದೆವು. ಒಕಾಡಾ ಕೊನೆಗೂ ಬಾಯ್ಬಿಟ್ಟು "ಗೆದ್ದೆವು" ಅನ್ನುವಂತಾಯ್ತು.

ತಮ್ಮ ಮನೆವರೆಗೂ ಕೋಲು ಬಡೀತಾ ಬಂದ. ಎದುರು ಸಿಕ್ಕ ಎಲ್ಲರೂ ಬಡಿದರು.

ಶುಕ್ರವಾರ

ತಂಡ ಗೆದ್ದರೆ ರೈಲು ಕಂಪನಿಯದೇ ಹೆಸರಿನ ಡಿಪಾರ್ಟ್‌ಮೆಂಟ್ ಸ್ಟೋರಲ್ಲಿ ಸೇಲ್ ಇರುತ್ತೆ. ಒಸಾಕಾದ ಉಮೆದಾದಲ್ಲಿ ಬೆಳಿಗ್ಗೆಯೇ ಕ್ಯೂ. ಸೀರೆ ಸೇಲಿಗೆ ಹೋದ ಅನುಭವ ಇರೋದ್ರಿಂದ ನನಗೆ ಹೊಸದೇನಲ್ಲ. ಒಂದು ಟವೆಲ್, ಅಮ್ಮನಿಗೆ ಹುಲಿ ಮುಖದ ಪರ್ಸು.

ಅಲ್ಲಿಂದ ದೊತೊನ್ಬೊರಿ ಕಾಲುವೆಗೆ. 1985ರಲ್ಲಿ ಇಲ್ಲಿ ಜನ ಒಬ್ಬೊಬ್ಬ ಆಟಗಾರನ ಹೆಸರು ಕೂಗಿ ಅವನನ್ನು ಹೋಲುವ ಒಬ್ಬರನ್ನು ನೀರಿಗೆ ಹಾರಿಸುತ್ತಿದ್ದರಂತೆ. ಗಡ್ಡದ ಅಮೆರಿಕನ್ ರಾಂಡಿ ಬಾಸ್‌ನನ್ನು ಹೋಲುವವರು ಸಿಗಲಿಲ್ಲ. ಹತ್ತಿರದ ಕೆಎಫ್‌ಸಿ ಮುಂದಿದ್ದ ಕರ್ನಲ್ ಸ್ಯಾಂಡರ್ಸ್ ಗೊಂಬೆಯನ್ನೇ ಎತ್ತಿ ಎಸೆದರು. ಆ ವರ್ಷ ಜಪಾನ್ ಸೀರೀಸನ್ನೂ ಗೆದ್ದರು, ಆಮೇಲೆ ವರ್ಷ ವರ್ಷ ಸೋಲು. ಕರ್ನಲ್ ಶಾಪ ಅಂತ ಕಥೆ ಹುಟ್ಟಿತು. ಗೊಂಬೆ 2009ರಲ್ಲಿ ಕೆಸರಿನಲ್ಲಿ ಸಿಕ್ತು, ಎಡಗೈ, ಕನ್ನಡಕ ಇರಲಿಲ್ಲ. 2024ರಲ್ಲಿ ಕೆಎಫ್‌ಸಿ ಕಂಪನಿಯವರು ಉಪ್ಪು, ಸಾಕೆ (ಅಕ್ಕಿಯ ಮದ್ಯ) ಇಟ್ಟು ಪೂಜೆ ಮಾಡಿ ಅದನ್ನು ವಿಲೇವಾರಿ ಮಾಡಿದರು.

ಕಥೆ ತಮಾಷೆಯದ್ದು, ಹಾರೋದು ತಮಾಷೆ ಅಲ್ಲ. 2003ರಲ್ಲಿ ಇಲ್ಲಿ ಹಾರಿದ ಒಬ್ಬರು ಸತ್ತರು. ಹಾಗಾಗಿ ನಿನ್ನೆ ರಾತ್ರಿ ಇಲ್ಲಿ 1,300ರಷ್ಟು ಪೊಲೀಸರಿದ್ದರು, ಸೇತುವೆಯ ಮೇಲೆ ಯಾರನ್ನೂ ನಿಲ್ಲೋಕೆ ಬಿಡದೆ ನಡೆಸುತ್ತಲೇ ಇದ್ದರಂತೆ. ಆದರೂ ಇಪ್ಪತ್ತಕ್ಕೂ ಹೆಚ್ಚು ಜನ ಹಾರಿದರು. ಇಷ್ಟೊಂದು ಪೊಲೀಸರು ಯಾಕಪ್ಪಾ ಅಂತ ಅವತ್ತು ನಾನು ನಕ್ಕಿದ್ದೆ. 2025ರ ಜೂನ್ 3ಕ್ಕೆ ಆರ್‌ಸಿಬಿ ಕಪ್ ಗೆದ್ದಿತು. ಮರುದಿನ ಚಿನ್ನಸ್ವಾಮಿ ಹೊರಗಿನ ಕಾಲ್ತುಳಿತದಲ್ಲಿ 11 ಜನ ಹೋದರು. ಆ ನಗು ಈಗ ಬರಲ್ಲ.

ನಾನು ಹೋಗಿದ್ದ 2023ರಲ್ಲೇ, ನವೆಂಬರ್ 5ಕ್ಕೆ, ಟೈಗರ್ಸ್ ಜಪಾನ್ ಸೀರೀಸನ್ನೂ ಗೆದ್ದರು, 38 ವರ್ಷದ ಮೇಲೆ. ತಮ್ಮ ವಿಡಿಯೊ ಕಾಲಲ್ಲಿ ಕೋಲು ಬಡಿದು ತೋರಿಸಿದ. ಮುಂದಿನ ಸಲ ಯಾವಾಗ ಬರಲಿ ಅಂತ ಕೇಳಿದರೆ ಆಗಸ್ಟ್ ತಿಂಗಳು ಬಿಟ್ಟು ಯಾವಾಗ ಬೇಕಾದ್ರೂ ಬಾ ಅಂತಾನೆ. ಆಗಸ್ಟಲ್ಲಿ ಮೈದಾನ ಹೈಸ್ಕೂಲ್ ಹುಡುಗರದ್ದು. ಆಗ ಟೈಗರ್ಸ್‌ಗೇ ಅಲ್ಲಿ ಜಾಗ ಇಲ್ಲ, ಊರೂರು ಅಲೀತಾರೆ, ಇಲ್ಲಾ ಒಸಾಕಾದ ಡೋಮಲ್ಲಿ ಆಡ್ತಾರೆ. ನನಗೇನೋ ಆಗಸ್ಟಲ್ಲೇ ಹೋಗಬೇಕು ಅನ್ನಿಸಿದೆ. ಆ ಹುಡುಗರು ಮಣ್ಣು ಬಾಚೋದನ್ನ ನೋಡಬೇಕು. ಕಚಿವಾರಿಯೂ ಆಗಲೇ ಜಾಸ್ತಿ ರುಚಿ ಅಂತೆ.